ಕರ್ಣನ ತಂದೆಯ ಹೆಸರು

ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿಗೆ ಮೀಸಲಾದ ಕಾಲಂ ಒಂದೇ ಸಾಲಿನದು. ವಿವಾಹಿತ ದಂಪತಿಗಳ ಮಗುವಿನ ವಿಷಯದಲ್ಲಿ ಅದನ್ನು ತುಂಬಲು ಯಾರೂ ಯೋಚಿಸಬೇಕಾಗಿಲ್ಲ. ತಾಯಿತಂದೆಗಳು ಪರಸ್ಪರ ವಿವಾಹವಾಗದೆ ಇದ್ದಲ್ಲಿ ಮಾತ್ರ ಆ ಸಾಲಿನ ಮೇಲೆ ಮನೆತನದ ಮಾನ, ತಾಯಿಯ ಗೌಪ್ಯ, ತಂದೆಯ ಹೊಣೆ ಮತ್ತು ಮಗುವಿನ ಭವಿಷ್ಯ ಒಟ್ಟಿಗೆ ಬಂದು ಕೂಡುತ್ತವೆ. 2022ರ ಜುಲೈ ತಿಂಗಳಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಮುಂದೆ ಇಂಥದೊಂದು ಅರ್ಜಿ ಬಂದಿತ್ತು. ಅವಿವಾಹಿತ ತಾಯಿಯ ಮಗನಾದ ಯುವಕನೊಬ್ಬನ ಮೂರು ದಾಖಲೆಗಳಲ್ಲಿ ತಂದೆಯ ಹೆಸರು ಮೂರು ಬಗೆಯಾಗಿ ನಮೂದಾಗಿತ್ತು. ನ್ಯಾಯಾಲಯವು ಆ ಹೆಸರುಗಳನ್ನು ತೆಗೆದು ತಾಯಿಯ ಹೆಸರೊಂದನ್ನೇ ಉಳಿಸಲು ಆದೇಶಿಸಿತು. ತೀರ್ಪನ್ನು ಬರೆದ ನ್ಯಾಯಮೂರ್ತಿಗಳು ಮಹಾಭಾರತದ ಕರ್ಣನನ್ನು ಸ್ಮರಿಸಿ, ಹೆತ್ತವರ ಹೆಸರು ತಿಳಿಯದೆ ಅವಮಾನಕ್ಕೆ ಗುರಿಯಾಗುವ ಕರ್ಣರು ಇನ್ನು ಮುಂದೆ ಇರಬಾರದೆಂಬ ಆಶಯವನ್ನು ವ್ಯಕ್ತಪಡಿಸಿದರು.

ಇಂಥ ಪ್ರಸಂಗದಲ್ಲಿ ಕರ್ಣನ ನೆನಪಾಗುವುದು ಸಹಜವೇ. ಆದರೆ ಹಾಗೆ ನೆನಪಾಗುವ ಕರ್ಣನು ವ್ಯಾಸಭಾರತದ ಕರ್ಣ, ಸೂರ್ಯನ ಮಗ. ಜೈನ ಪುರಾಣ ಪರಂಪರೆಯಲ್ಲಿ ಬೇರೊಬ್ಬ ಕರ್ಣನಿದ್ದಾನೆ. ಅವನ ತಂದೆ ಮನುಷ್ಯನೇ, ಆ ತಂದೆಗೆ ಹೆಸರೂ ಉಂಟು. ಈ ಕರ್ಣನನ್ನೂ, ಜೈನನೇ ಆದ ಆದಿಕವಿ ಪಂಪನು ಚಿತ್ರಿಸಿದ ಕರ್ಣನನ್ನೂ ಎದುರೆದುರು ಇರಿಸಿ ಓದಿದರೆ, ಇಂದಿನ ನೋಂದಣಿ ಕಚೇರಿಯ ಮುಂದಿರುವ ಪ್ರಶ್ನೆಗೆ ಪ್ರಾಚೀನರು ಎಷ್ಟು ದೂರದವರೆಗೆ ಉತ್ತರ ಕೊಟ್ಟಿದ್ದಾರೆ, ಎಲ್ಲಿ ಸುಮ್ಮನಾಗಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ.

ಜಿನಸೇನರ ಕರ್ಣ

ಪುನ್ನಾಟ ಸಂಘದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹರಿವಂಶಪುರಾಣವನ್ನು ಮುಗಿಸಿದುದು ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ. ಆದಿಪುರಾಣವನ್ನು ರಚಿಸಿದ ಜಿನಸೇನರು ಬೇರೆ, ಇವರು ಬೇರೆ. ಕೃತಿ ಪೂರ್ಣಗೊಂಡದ್ದು ಕರ್ನಾಟಕದ ಹೊರಗಾದರೂ ಇವರ ಸಂಘದ ಹೆಸರು ಕನ್ನಡ ನಾಡಿನ ದಕ್ಷಿಣ ಭಾಗದ ಪುನ್ನಾಡನ್ನು ನೆನಪಿಸುತ್ತದೆ. ಕುರುವಂಶದ ವೃತ್ತಾಂತವನ್ನು ಹೇಳುವಾಗ ಜಿನಸೇನರು ಯಾವ ಮುಚ್ಚುಮರೆಯನ್ನೂ ಮಾಡುವುದಿಲ್ಲ. ಕುಂತಿಯು ಇನ್ನೂ ಕನ್ಯೆಯಾಗಿದ್ದಾಗ ಪಾಂಡುವಿನಿಂದ ಆಕೆಯಲ್ಲಿ ಕರ್ಣನು ಜನಿಸಿದನೆಂದೂ, ವಿವಾಹವಾದ ಬಳಿಕ ಅದೇ ದಂಪತಿಗಳಿಗೆ ಯುಧಿಷ್ಠಿರ, ಭೀಮ, ಅರ್ಜುನರು ಜನಿಸಿದರೆಂದೂ ಅವರು ಒಂದೇ ಉಸಿರಿನಲ್ಲಿ ತಿಳಿಸಿಬಿಡುತ್ತಾರೆ. ಗುಣಭದ್ರಾಚಾರ್ಯರ ಉತ್ತರಪುರಾಣದ ಪರಂಪರೆಯಲ್ಲಿ ಇದಕ್ಕೆ ಕಥೆಯ ವಿಸ್ತಾರವೂ ದೊರೆಯುತ್ತದೆ: ವಿದ್ಯಾಧರನೊಬ್ಬನ ಉಂಗುರದ ಪ್ರಭಾವದಿಂದ ಪಾಂಡುವು ಯಾರ ಕಣ್ಣಿಗೂ ಬೀಳದೆ ಕುಂತಿಯನ್ನು ಸೇರುತ್ತಾನೆ; ಹುಟ್ಟಿದ ಶಿಶುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡಲಾಗುತ್ತದೆ; ಚಂಪಾಪುರದ ಅರಸನ ಮನೆಯಲ್ಲಿ ಅದು ಬೆಳೆಯುತ್ತದೆ.

ಇಲ್ಲಿ ದುರ್ವಾಸರ ಮಂತ್ರವಿಲ್ಲ, ಆಕಾಶದಿಂದ ಇಳಿದುಬರುವ ಸೂರ್ಯನಿಲ್ಲ. ದೇವತೆಗಳಿಂದ ಮನುಷ್ಯರಿಗೆ ಸಂತಾನವಾಗುವುದೆಂಬ ಮಾತನ್ನು ಜೈನ ತತ್ತ್ವದೃಷ್ಟಿ ಒಪ್ಪುವುದಿಲ್ಲವಾದ್ದರಿಂದ ಪುರಾಣಕಾರರು ಕಥೆಯನ್ನು ಹೀಗೆ ತಿದ್ದಿದರೆಂದು ವಿದ್ವಾಂಸರು ಸಾಮಾನ್ಯವಾಗಿ ವಿವರಿಸುತ್ತಾರೆ. ಆ ವಿವರಣೆ ಸರಿಯೇ ಆದರೂ ಸಾಲದು. ಈ ತಿದ್ದುಪಡಿಗೆ ನೈತಿಕವಾದ ಫಲವೊಂದುಂಟು. ದೇವತೆಯೊಬ್ಬನನ್ನು ತಂದೆಯೆಂದು ಹೇಳಿದಾಗ ಆ ಜನನಕ್ಕೆ ಯಾವ ಮನುಷ್ಯನೂ ಹೊಣೆಯಾಗುವುದಿಲ್ಲ. ಸೂರ್ಯನನ್ನು ಜೀವನಾಂಶ ಕೇಳುವವರಿಲ್ಲ, ಏಕೆ ಕೈಬಿಟ್ಟೆಯೆಂದು ವಿಚಾರಿಸುವವರಿಲ್ಲ. ಜಿನಸೇನರು ಆ ತೆರೆಯನ್ನು ಸರಿಸಿ ಅದರ ಹಿಂದಿದ್ದ ಪುರುಷನನ್ನು ತೋರಿಸಿದರು. ವಂಶಾವಳಿಯಲ್ಲಿ ಕರ್ಣನ ಹೆಸರಿನ ಮುಂದೆ ಅವಿವಾಹಿತನಾಗಿದ್ದಾಗಿನ ಪಾಂಡುವಿನ ಹೆಸರನ್ನು ಅವರು ಬರೆದಿಟ್ಟರು. ಅದಕ್ಕಾಗಿ ಕುಂತಿಯನ್ನು ಹೀಯಾಳಿಸಲಿಲ್ಲ, ಕರ್ಣನನ್ನು ಕೀಳುಗಳೆಯಲಿಲ್ಲ.

ಇಷ್ಟನ್ನು ಮೆಚ್ಚಿದ ಬಳಿಕ ಒಂದು ಕೊರತೆಯನ್ನೂ ಹೇಳಬೇಕಾಗುತ್ತದೆ. ಪುರಾಣವು ತಂದೆಯ ಹೆಸರನ್ನು ಓದುಗನಿಗೆ ಕೊಟ್ಟಿತೇ ಹೊರತು ಬೆಳೆಯುತ್ತಿದ್ದ ಮಗನಿಗೆ ಕೊಡಲಿಲ್ಲ. ಪಾಂಡುವು ಅನಂತರ ಅದೇ ಕುಂತಿಯನ್ನು ವಿಧಿವತ್ತಾಗಿ ವಿವಾಹವಾದವನು. ಕನ್ಯೆಯಲ್ಲಿ ಹುಟ್ಟಿದ ಕಾನೀನ ಪುತ್ರನು ಆಕೆಯನ್ನು ವಿವಾಹವಾದವನ ಮಗನೆನಿಸಿಕೊಳ್ಳುತ್ತಾನೆಂಬ ವಿಧಿ ಧರ್ಮಶಾಸ್ತ್ರಗಳಲ್ಲಿಯೂ ಉಂಟು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನ ಮುಂದಿಡುವ ವಾದವೂ ಅದೇ. ಜೈನ ಪುರಾಣದ ಪಾಂಡುವಿಗಂತೂ ಮಗುವು ರಕ್ತದಿಂದಲೂ ತನ್ನದು, ವಿಧಿಯಿಂದಲೂ ತನ್ನದು. ಹೀಗಿದ್ದೂ ವಿವಾಹದ ಮರುದಿನ ಆ ಮಗುವನ್ನು ಹುಡುಕಿಸುವ ಯೋಚನೆ ಅವನಿಗೆ ಬಂದಂತೆ ಕಾಣುವುದಿಲ್ಲ. ಪುರಾಣಕಾರರೂ ಈ ಬಗ್ಗೆ ಅವನನ್ನು ಪ್ರಶ್ನಿಸದೆ ಮುಂದೆ ಸಾಗುತ್ತಾರೆ. ಹೆಸರು ದಾಖಲಾಯಿತು, ಸಂಬಂಧ ಮಾತ್ರ ಏರ್ಪಡಲಿಲ್ಲ.

ಪಂಪನ ಕರ್ಣ

ಕ್ರಿ.ಶ. 941ರ ಸುಮಾರಿನಲ್ಲಿ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನಿಗೆ ಜೈನ ಪರಂಪರೆಯ ಕಥೆ ಅಪರಿಚಿತವಾಗಿತ್ತೆಂದು ಭಾವಿಸಲು ಕಾರಣವಿಲ್ಲ. ಆದರೂ ತನ್ನ ಲೌಕಿಕ ಕಾವ್ಯಕ್ಕೆ ಅವನು ವ್ಯಾಸರ ದಾರಿಯನ್ನು ಆರಿಸಿಕೊಂಡನು. ಅವನ ಕಾವ್ಯದಲ್ಲಿ ಮಂತ್ರವೂ ಉಂಟು, ಸೂರ್ಯನೂ ಉಂಟು, ಲೋಕಾಪವಾದಕ್ಕೆ ಅಂಜಿ ಶಿಶುವನ್ನು ನೀರಿಗೆ ಬಿಡುವ ಕನ್ಯೆಯೂ ಉಂಟು. ಅರ್ಜುನನನ್ನೇ ನಾಯಕನನ್ನಾಗಿಸಿ, ಅವನಲ್ಲಿ ತನ್ನ ಆಶ್ರಯದಾತನನ್ನು ಕಂಡ ಕವಿ ಕರ್ಣನ ವಿಷಯದಲ್ಲಿ ತೋರಿದ ಮಮತೆ ಕನ್ನಡಿಗರಿಗೆಲ್ಲ ತಿಳಿದದ್ದೇ.

ಪಂಪನ ವೈಶಿಷ್ಟ್ಯವಿರುವುದು ತಂದೆಯ ಹೆಸರಿನಲ್ಲಲ್ಲ, ಆ ಹೆಸರು ಯಾರಿಗೆ ಗೊತ್ತಿತ್ತು, ಅದನ್ನು ಯಾವಾಗ ಹೇಳಲಾಯಿತು ಎಂಬುದರಲ್ಲಿ. ಕುಲದ ಪ್ರಶ್ನೆ ಕರ್ಣನನ್ನು ಮೊದಲು ಇರಿಯುವುದು ಶಸ್ತ್ರವಿದ್ಯೆಯ ಪ್ರದರ್ಶನದ ರಂಗದಲ್ಲಿ, ನೆರೆದ ಸಭೆಯ ಮುಂದೆ. ಅಲ್ಲಿ ಕುಂತಿಯೂ ಇರುತ್ತಾಳೆ, ಬಾಯಿ ತೆರೆಯುವುದಿಲ್ಲ. ಮುಂದೆ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಸಂದರ್ಭದಲ್ಲಿ ದ್ರೋಣನು ಕುಲದ ಮಾತೆತ್ತಿದಾಗ, ಹುಟ್ಟು ಕುಲವಲ್ಲ, ಛಲ ಮತ್ತು ಗುಣಗಳೇ ಕುಲವೆಂದು ಕರ್ಣನು ಸಿಡಿದು ಹೇಳುವ ಮಾತು ಪಂಪನ ಕಾವ್ಯದ ಅತ್ಯಂತ ಪ್ರಸಿದ್ಧ ಭಾಗಗಳಲ್ಲೊಂದು. ಆದರೆ ಅವನು ಆ ಮಾತನ್ನಾಡುವ ವೇಳೆಗೆ ತನ್ನ ಜನ್ಮದ ಸತ್ಯವನ್ನು ಅರಿತಿದ್ದಾನೆಂಬುದನ್ನು ಮರೆಯಲಾಗದು. ಕೃಷ್ಣನು ಅವನನ್ನು ಏಕಾಂತಕ್ಕೆ ಕರೆದು ರಹಸ್ಯವನ್ನು ತಿಳಿಸಿರುತ್ತಾನೆ. ಕುಂತಿಯೂ ಗಂಗೆಯ ತೀರದಲ್ಲಿ ಬಂದು ಕಂಡಿರುತ್ತಾಳೆ. ಇಬ್ಬರೂ ಹೇಳಿದ್ದು ಸತ್ಯವನ್ನೇ. ಆದರೆ ಇಬ್ಬರಿಗೂ ಆ ಸತ್ಯದಿಂದ ಆಗಬೇಕಾದ ಕೆಲಸವಿತ್ತು. ಯುದ್ಧ ನಿಶ್ಚಯವಾದ ಮೇಲೆ ಎದುರಾಳಿಯ ಮನಸ್ಸನ್ನು ಕುಗ್ಗಿಸುವುದಕ್ಕಾಗಿ ಒದಗಿದ ಸತ್ಯ ಅದು. ಮಗನಿಗೆ ಸಲ್ಲಬೇಕಾದುದೆಂಬ ಕಾರಣದಿಂದ ಅದು ಅವನನ್ನು ಎಂದೂ ತಲುಪಲಿಲ್ಲ.

ಹಾಗಾಗಿ ಕರ್ಣನ ದುಃಖಕ್ಕೆ ತಂದೆ ಯಾರೆಂದು ತಿಳಿಯದಿದ್ದುದೊಂದೇ ಕಾರಣವಲ್ಲ. ಸಾಕಿದ ಸೂತ ದಂಪತಿಗಳ ಪ್ರೀತಿ ಅವನಿಗೆ ದೊರೆತಿತ್ತು, ದುರ್ಯೋಧನನ ಸ್ನೇಹವೂ ದೊರೆತಿತ್ತು. ತಿಳಿದವರು ತಮ್ಮ ಅನುಕೂಲದವರೆಗೆ ಬಾಯಿ ಮುಚ್ಚಿಕೊಂಡು ಕುಳಿತದ್ದು ಅವನಿಗಾದ ದೊಡ್ಡ ಅನ್ಯಾಯ. ಕನ್ನಡ ಭಾರತ ಪರಂಪರೆಯಲ್ಲಿ, ತನಗೆ ಒಪ್ಪಿಸಿದ್ದ ಕೂಸನ್ನು ಗಂಗೆಯು ಕುಂತಿಗೆ ಮರಳಿ ಒಪ್ಪಿಸುವ ಸಂದರ್ಭವೊಂದುಂಟು. ನದಿಯು ತನ್ನಲ್ಲಿಟ್ಟ ನ್ಯಾಸವನ್ನು ಉಳಿಸಿ ಹಿಂದಿರುಗಿಸುತ್ತದೆ. ಹೆತ್ತವರು ಹಾಗೆ ನಡೆದುಕೊಳ್ಳಲಿಲ್ಲ.

ಜಿನಸೇನರಲ್ಲಿ ಹೆಸರುಂಟು, ಆ ಹೆಸರಿಲ್ಲದೆ ಬೆಳೆದವನ ಸಂಕಟವಿಲ್ಲ. ಪಂಪನಲ್ಲಿ ಸಂಕಟವುಂಟು, ಹೊಣೆ ಹೊರಬೇಕಾದ ಮನುಷ್ಯನ ಹೆಸರಿಲ್ಲ. ಇವೆರಡನ್ನೂ ಕೂಡಿಸಿ ನೋಡಲು ಬೇಕಾದ ಅಳತೆಗೋಲು ಪುರಾಣ ಕಾವ್ಯಗಳಿಗಿಂತ ಶ್ರಾವಕಾಚಾರದಲ್ಲಿ ಹೆಚ್ಚು ಸ್ಪಷ್ಟವಾಗಿ ದೊರೆಯುತ್ತದೆ.

ಸತ್ಯಾಣುವ್ರತದ ಅಳತೆಗೋಲು

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಸತ್ಯವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ. ಅವುಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತವೆ. ಮೊದಲನೆಯದು ಕೂಟಲೇಖಕ್ರಿಯೆ: ಒಬ್ಬನು ಆಡದ್ದನ್ನು, ಮಾಡದ್ದನ್ನು ಅವನು ಆಡಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆದಿಡುವುದು. ಎರಡನೆಯದು ರಹೋಭ್ಯಾಖ್ಯಾನ: ಸ್ತ್ರೀಪುರುಷರ ನಡುವೆ ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು. ಮೂರನೆಯದು ನ್ಯಾಸಾಪಹಾರ: ನಂಬಿ ಇಟ್ಟ ಒತ್ತೆಯನ್ನು, ಇಟ್ಟವನ ಮರೆವಿನ ಲಾಭ ಪಡೆದು, ಪೂರ್ತಿಯಾಗಿ ಹಿಂದಿರುಗಿಸದಿರುವುದು. ಪೂಜ್ಯಪಾದರ ಸರ್ವಾರ್ಥಸಿದ್ಧಿ ಈ ಪದಗಳನ್ನು ಇದೇ ಅರ್ಥದಲ್ಲಿ ವಿವರಿಸುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವಂತೂ ಸ್ಥೂಲವಾದ ಸುಳ್ಳನ್ನು ಆಡದಿರುವುದರೊಡನೆ, ಇನ್ನೊಬ್ಬನ ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ಆಡದಿರುವುದು ಸತ್ಯಾಣುವ್ರತವೆಂದು ಹೇಳುತ್ತದೆ.

ಈ ಮೂರು ಅತಿಚಾರಗಳು ಒಂದೇ ಪಟ್ಟಿಯಲ್ಲಿ ಬಂದಿರುವುದು ಮನನಾರ್ಹ. ದಾಖಲೆಯಲ್ಲಿ ಸುಳ್ಳು ಬರೆಯಬಾರದೆಂದ ಶಾಸ್ತ್ರವೇ, ಗುಟ್ಟನ್ನು ಬೀದಿಗೆ ತರಬಾರದೆಂದೂ ಹೇಳಿದೆ. ಗುಟ್ಟನ್ನು ಕಾಯುವ ನೆಪದಲ್ಲಿ ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ನುಂಗಬಾರದೆಂದೂ ಅದೇ ಶಾಸ್ತ್ರ ಎಚ್ಚರಿಸಿದೆ. ವಿವಾಹದ ಹೊರಗೆ ಹುಟ್ಟಿದ ಮಗುವಿನ ವಿಷಯದಲ್ಲಿ ಸಮಾಜವು ತಪ್ಪುವುದು ಸಾಮಾನ್ಯವಾಗಿ ಈ ಮೂರರಲ್ಲೊಂದನ್ನು ಮಾತ್ರ ನೆನಪಿಟ್ಟು ಉಳಿದೆರಡನ್ನು ಮರೆಯುವುದರಿಂದ.

ಕಾನೂನಿನ ಇಂದಿನ ಸ್ಥಿತಿ

1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ ವ್ಯವಸ್ಥೆಯಂತೆ ಪ್ರತಿಯೊಂದು ಜನನವನ್ನೂ 21 ದಿನಗಳೊಳಗೆ ತಿಳಿಸಬೇಕು. ಗೊತ್ತಿದ್ದೂ ಸುಳ್ಳು ಮಾಹಿತಿ ನೀಡುವುದು ದಂಡನೀಯ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಈ ಪತ್ರದ ತೂಕವನ್ನು ಹೆಚ್ಚಿಸಿದೆ. ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಮುಂತಾದುವಕ್ಕೆ ಜನ್ಮದಿನ ಮತ್ತು ಜನ್ಮಸ್ಥಳಗಳನ್ನು ತೋರಿಸುವ ಆಧಾರ ಇದೇ. ಅವಿವಾಹಿತ ತಾಯಿಯ ಮಗುವಿನ ಜನನವನ್ನು ಆ ತಾಯಿಯೇ ತಿಳಿಸಬಹುದೆಂಬುದನ್ನೂ ಆ ತಿದ್ದುಪಡಿ ಅಧಿನಿಯಮದಲ್ಲಿಯೇ ಹೇಳಿದೆ.

ಇದಕ್ಕೆ ಹಿನ್ನೆಲೆಯಾಗಿ 2015ರ ಜುಲೈ 6ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪನ್ನು ನೋಡಬೇಕು. ಕ್ರೈಸ್ತ ಮತದ, ಉದ್ಯೋಗಸ್ಥೆಯಾದ ಅವಿವಾಹಿತ ತಾಯಿಯೊಬ್ಬರು ತಮ್ಮ ಉಳಿತಾಯಕ್ಕೆ ಮಗನನ್ನು ನಾಮನಿರ್ದೇಶನ ಮಾಡಲು ಹೊರಟಾಗ, ತಂದೆಯ ಹೆಸರನ್ನು ತಿಳಿಸಬೇಕು, ಇಲ್ಲವೇ ಪೋಷಕತ್ವದ ಪ್ರಮಾಣಪತ್ರವನ್ನು ತರಬೇಕೆಂದು ಅವರಿಗೆ ಹೇಳಲಾಯಿತು. ಪೋಷಕತ್ವಕ್ಕೆ ಅರ್ಜಿ ಹಾಕಿದರೆ ತಂದೆಗೆ ನೋಟೀಸು ಹೋಗಬೇಕೆಂಬ ತೊಡಕು ಎದುರಾಯಿತು. ಮಗುವಿನ ಹಿತವೇ ಮುಖ್ಯವೆಂದು ಭಾವಿಸಿ ಸರ್ವೋಚ್ಚ ನ್ಯಾಯಾಲಯವು ಆ ನೋಟೀಸು ಅಗತ್ಯವಿಲ್ಲವೆಂದಿತು. ಒಬ್ಬಂಟಿ ಪಾಲಕರು ಅಥವಾ ಅವಿವಾಹಿತ ತಾಯಿ ತನ್ನ ಗರ್ಭದಿಂದ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರವನ್ನು ಕೇಳಿದಾಗ ಅಧಿಕಾರಿಗಳು ಅಫಿಡವಿಟ್ ಒಂದನ್ನು ಮಾತ್ರ ಪಡೆದು ಪತ್ರವನ್ನು ಕೊಡಬೇಕೆಂದೂ ನಿರ್ದೇಶಿಸಿತು.

ತೀರ್ಪಿನ ಇನ್ನೊಂದು ಅಂಶ ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ತನ್ನ ಹೆತ್ತವರು ಯಾರೆಂದು ತಿಳಿಯುವ ಹಕ್ಕು ಮಗುವಿಗೂ ಉಂಟೆಂಬುದನ್ನು ನ್ಯಾಯಾಧೀಶರು ಮರೆಯಲಿಲ್ಲ. ಭಾರತವು 1992ರಲ್ಲಿ ಸಮ್ಮತಿಸಿದ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ ಏಳನೆಯ ಅನುಚ್ಛೇದವೂ ಸಾಧ್ಯವಾದಷ್ಟರ ಮಟ್ಟಿಗೆ ಈ ಹಕ್ಕನ್ನು ಮನ್ನಿಸುತ್ತದೆ. ಆದ್ದರಿಂದ ನ್ಯಾಯಾಧೀಶರು ತಾಯಿಯಿಂದ ತಂದೆಯ ಹೆಸರನ್ನೂ ಕೆಲವು ವಿವರಗಳನ್ನೂ ಪಡೆದು, ಲಕೋಟೆಯೊಳಗಿಟ್ಟು ಮುದ್ರೆ ಹಾಕಿಸಿ, ತಮ್ಮ ಆದೇಶವಿಲ್ಲದೆ ಅದನ್ನು ತೆರೆಯಬಾರದೆಂದು ವಿಧಿಸಿದರು. ಸುಳ್ಳು ಹೆಸರು ಬರೆಯಲಾಗಲಿಲ್ಲವಾದ್ದರಿಂದ ಇಲ್ಲಿ ಕೂಟಲೇಖವಿಲ್ಲ. ಲೋಕದ ಮುಂದೆ ತಾಯಿಯ ಗುಟ್ಟು ಬಯಲಾಗಲಿಲ್ಲವಾದ್ದರಿಂದ ರಹೋಭ್ಯಾಖ್ಯಾನವೂ ಇಲ್ಲ. ಮಗನಿಗೆ ಎಂದಾದರೂ ಬೇಕಾಗಬಹುದಾದ ಸತ್ಯವು ಅಳಿದುಹೋಗದೆ ನ್ಯಾಸವಾಗಿ ಉಳಿಯಿತು. ಶ್ರಾವಕಾಚಾರವನ್ನು ಓದದ ನ್ಯಾಯಪೀಠವೊಂದು ಅದರ ವಿವೇಕದ ಬಳಿಗೆ ಬಂದು ನಿಂತಿತೆಂದರೆ ಅತಿಶಯೋಕ್ತಿಯಾಗಲಾರದು.

ಜೈನರ ಮಟ್ಟಿಗೆ ಪೋಷಕತ್ವದ ಪ್ರಶ್ನೆ ಇನ್ನೂ ಹಿಂದೆಯೇ ತೀರ್ಮಾನವಾಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಅದರ 6ನೆಯ ಪ್ರಕರಣದಂತೆ ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಸಹಜ ಪೋಷಕಿ. ತಂದೆಯ ಸ್ಥಾನ ಆಕೆಯ ಅನಂತರದ್ದು. ಅದೇ ವರ್ಷದ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಪ್ರಕರಣವು ಇಂಥ ಮಗುವನ್ನೂ ಪೋಷಿಸುವ ಹೊಣೆಯನ್ನು ತಂದೆತಾಯಿಗಳಿಬ್ಬರ ಮೇಲೂ ಹೊರಿಸಿದೆ. ಆದರೆ ಉತ್ತರಾಧಿಕಾರದ ಕಾನೂನು ಈ ಮಗುವನ್ನು ತಾಯಿಯ ಸಂಬಂಧಿಯೆಂದು ಗಣಿಸುತ್ತದೆಯೇ ಹೊರತು ತಂದೆಯ ಸಂಬಂಧಿಯೆಂದು ಗಣಿಸುವುದಿಲ್ಲ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್ 1ರಂದು, ಅಸಿಂಧು ವಿವಾಹದ ಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಮ್ಮ ಹೆತ್ತವರ ಪಾಲಿಗೆ ಬರುವ ಭಾಗದ ಮೇಲೆ ಹಕ್ಕುಂಟೆಂದು ಸ್ಪಷ್ಟಪಡಿಸಿತು. ಆದರೆ ಯಾವ ಬಗೆಯ ವಿವಾಹವೂ ನಡೆಯದಿದ್ದಲ್ಲಿ ಆ ರಕ್ಷಣೆ ಮಗುವಿಗೆ ದೊರೆಯುವುದಿಲ್ಲ. ಹೀಗಾಗಿ ಜನನ ಪತ್ರದಲ್ಲಿ ಅವಿವಾಹಿತ ತಂದೆಯ ಹೆಸರು ಬಂದ ಮಾತ್ರಕ್ಕೆ ಆಸ್ತಿಯ ಪಾಲು ಬರುವುದಿಲ್ಲ. ಅದು ಬಹುಮಟ್ಟಿಗೆ ತಂದೆತನದ ಒಪ್ಪಿಗೆಗೆ ಸಾಕ್ಷ್ಯ. ಜೀವನಾಂಶದ ಹೊಣೆಯನ್ನು ತೋರಿಸುವಲ್ಲಿ ಅದಕ್ಕೆ ಬೆಲೆಯುಂಟು.

ಇಂಗ್ಲೆಂಡಿನ ಪದ್ಧತಿಯನ್ನು ಹೋಲಿಕೆಗಾಗಿ ನೋಡಬಹುದು. ಅಲ್ಲಿಯ 1953ರ ನೋಂದಣಿ ಕಾನೂನಿನಂತೆ ಅವಿವಾಹಿತ ತಂದೆಯ ಹೆಸರನ್ನು ಬರೆಸಲು ಸಾಮಾನ್ಯ ಮಾರ್ಗವೆಂದರೆ ತಾಯಿಯೂ, ತಾನೇ ತಂದೆಯೆಂದು ಒಪ್ಪುವ ಪುರುಷನೂ ಜಂಟಿಯಾಗಿ ಕೋರಿ, ಇಬ್ಬರೂ ಸಹಿ ಹಾಕುವುದು. 2003ರ ಡಿಸೆಂಬರ್ 1ರಿಂದ ಹಾಗೆ ಹೆಸರು ಬರೆಸಿದ ತಂದೆಗೆ ಮಗುವಿನ ಮೇಲೆ ಪಾಲಕನ ಹಕ್ಕು ಮತ್ತು ಹೊಣೆಗಳು ತಾವಾಗಿಯೇ ಲಭಿಸುತ್ತವೆ. ಹೆಸರನ್ನೂ ಹೊಣೆಯನ್ನೂ ಒಂದೇ ಸಹಿಯಿಂದ ಬಂಧಿಸುವ ಈ ಕ್ರಮದಲ್ಲಿ ಜಿನಸೇನರ ಪಾಂಡು ತಪ್ಪಿಸಿಕೊಂಡು ಹೋಗಲು ದಾರಿಯಿರುತ್ತಿರಲಿಲ್ಲ.

ಮೂರು ಸಾಮಾನ್ಯ ಅಭಿಪ್ರಾಯಗಳು

ಜೈನ ಕುಟುಂಬಗಳಲ್ಲಿ ಇಂಥ ಪ್ರಸಂಗ ಬಂದಾಗ ಮೂರು ಬಗೆಯ ಸಲಹೆಗಳು ಕೇಳಿಬರಬಹುದು. ಮೂರರ ಹಿಂದೆಯೂ ಒಳ್ಳೆಯ ಉದ್ದೇಶವೇ ಇರಬಹುದಾದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಯುಕ್ತ.

ಮನೆತನದ ಮಾನವನ್ನು ಉಳಿಸಲು ಬೇರೊಬ್ಬರ ಹೆಸರನ್ನು ತಂದೆಯೆಂದು ಬರೆಸಿಬಿಡುವುದು ಲೇಸೆಂಬುದು ಮೊದಲನೆಯ ಸಲಹೆ. ತಾಯಿಯ ತಂದೆಯನ್ನೋ ಸೋದರಮಾವನನ್ನೋ ತಂದೆಯ ಸ್ಥಾನದಲ್ಲಿ ಕಾಣಿಸಿದರೆ ಮಗುವು ನಾಲ್ಕು ಜನರಂತೆ ಬೆಳೆಯುತ್ತದೆಂಬ ಕರುಣೆ ಇದರ ಹಿಂದಿದೆ. ಆದರೆ ಇದು ಶುದ್ಧ ಕೂಟಲೇಖ. ಕೇರಳದ ಯುವಕನ ಮೂರು ದಾಖಲೆಗಳು ತೋರಿಸುವಂತೆ ಇಂಥ ಬರಹ ಮಗುವಿಗೆ ನೆಮ್ಮದಿ ತರುವುದಿಲ್ಲ. ಒಂದು ದಾಖಲೆಯನ್ನು ಸಮರ್ಥಿಸಲು ಇನ್ನೊಂದು ಸುಳ್ಳು ಬೇಕಾಗುತ್ತದೆ, ಕೊನೆಗೆ ಅದನ್ನೆಲ್ಲ ತೊಳೆದುಕೊಳ್ಳಲು ಮಗುವೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಹಿರಿಯರು ಉಳಿಸಿದರೆಂದುಕೊಂಡ ಮಾನಕ್ಕೆ ಬೆಲೆ ತೆರುವವನು ಆ ಬರಹದಲ್ಲಿ ಯಾವ ಪಾತ್ರವೂ ಇಲ್ಲದವನು.

ಸತ್ಯವೇ ಧರ್ಮವಾದ್ದರಿಂದ ತಾಯಿಯು ತಂದೆಯ ಹೆಸರನ್ನು ಹೇಳಲೇಬೇಕು, ಹೇಳದಿದ್ದರೆ ಮಗುವಿಗೆ ಬಸದಿಯಲ್ಲಿ ನಾಮಕರಣವನ್ನು ನಡೆಸಲಾಗದೆಂಬುದು ಎರಡನೆಯ ನಿಲುವು. ಇದನ್ನು ಹೇಳುವವರು ಸತ್ಯಾಣುವ್ರತದ ಒಂದು ಮುಖವನ್ನು ಮಾತ್ರ ಕಂಡವರು. ಹೆಸರನ್ನು ಹೇಳಿದರೆ ತಾಯಿಗೆ ಅಪಾಯವಿರಬಹುದು. ಗರ್ಭವೇ ಬಲಾತ್ಕಾರದಿಂದ ಉಂಟಾದದ್ದಿರಬಹುದು. ಆ ಪುರುಷನಿಗೆ ಮಗುವನ್ನು ಕಂಡರಾಗದಿರಬಹುದು. ಇಂಥಲ್ಲಿ ಹೆಸರನ್ನು ಕಿತ್ತುಕೊಳ್ಳುವುದು ಸಮಂತಭದ್ರರು ತ್ಯಜಿಸಲು ಹೇಳಿದ ವಿಪತ್ಕಾರಕ ಸತ್ಯವೇ ಆಗುತ್ತದೆ. ಅಲ್ಲದೆ ಕೇಳುವವರ ಮನಸ್ಸಿನಲ್ಲಿ ಸತ್ಯದ ಆಸಕ್ತಿ ಎಷ್ಟು, ಕುತೂಹಲ ಎಷ್ಟು ಎಂಬುದನ್ನು ಅವರೇ ಪರೀಕ್ಷಿಸಿಕೊಳ್ಳಬೇಕು. ಪರನಿಂದೆ, ಆತ್ಮಪ್ರಶಂಸೆ, ಇನ್ನೊಬ್ಬರ ಗುಣಗಳನ್ನು ಮುಚ್ಚಿಡುವುದು ಇವು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಮಗುವಿನ ಗೋತ್ರವನ್ನು ಪ್ರಶ್ನಿಸಿ ಹೀಯಾಳಿಸುವವನು ಗೋತ್ರಕರ್ಮದ ಸಿದ್ಧಾಂತದಂತೆ ಕೆಡಿಸಿಕೊಳ್ಳುವುದು ತನ್ನದನ್ನೇ.

ಮಗುವಿಗೆ ತಾಯಿಯೊಬ್ಬಳೇ ಸಾಕು, ತಂದೆಯ ಕಾಲಂ ಅನ್ನೇ ಅಳಿಸಿಬಿಟ್ಟರೆ ತೊಂದರೆ ತಪ್ಪೀತೆಂಬುದು ಇತ್ತೀಚಿನ ಮೂರನೆಯ ಅಭಿಪ್ರಾಯ. ತಾಯಿಯ ಹೆಸರೊಂದೇ ಸಾಕೆಂದು ರಾಜ್ಯವು ಒಪ್ಪಿರುವುದು ನ್ಯಾಯವೇ. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಗೂ ಹೆತ್ತವರಲ್ಲಿ ಒಬ್ಬರ ಹೆಸರು ಸಾಕಾಗುತ್ತದೆ. ಆದರೆ ತಾಯಿಗೆ ದೊರೆತ ಈ ಬಿಡುಗಡೆ ತಂದೆಗೂ ದೊರೆತ ಬಿಡುಗಡೆಯಾಗಬಾರದು. ಕಾಲಂ ಖಾಲಿ ಉಳಿಯಿತೆಂದು ಸಮಾಧಾನದಿಂದ ನಿದ್ರೆಮಾಡುವ ಪುರುಷನು ನ್ಯಾಸಾಪಹಾರಿ. ಒತ್ತೆಯಿಟ್ಟವನು ಮರೆತಾಗ ಸುಮ್ಮನಿದ್ದುಬಿಡುವ ವ್ಯಾಪಾರಿಯನ್ನು ಶಾಸ್ತ್ರವು ದೋಷಿಯೆಂದು ಕರೆಯುತ್ತದೆ. ತನ್ನ ಮಗುವಿಗೆ ಕೇಳುವ ಬಾಯಿಯೇ ಇನ್ನೂ ಬಂದಿಲ್ಲವೆಂದು ಸುಮ್ಮನಿರುವವನ ದೋಷ ಅದಕ್ಕಿಂತ ಕಡಿಮೆಯದಾಗಲು ಹೇಗೆ ಸಾಧ್ಯ? ಇಂಥ ಪ್ರಸಂಗಗಳಲ್ಲಿ ಸಮಾಜವು ಮಾತನಾಡುವುದೆಲ್ಲ ತಾಯಿಯ ಶೀಲವನ್ನು ಕುರಿತು. ತಂದೆಯಾದವನ ಸತ್ಯವ್ರತವನ್ನು ಕು‌ರಿತು, ಅವನ ಬ್ರಹ್ಮಚರ್ಯಾಣುವ್ರತವನ್ನು ಕುರಿತು ಯಾರೂ ಬಾಯಿ ಬಿಡುವುದಿಲ್ಲ. ಅಣುವ್ರತಗಳು ಶ್ರಾವಕನಿಗೂ ಶ್ರಾವಿಕೆಗೂ ಸಮಾನವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ತಂದೆಯಾದವನು ಮುಂದೆ ಬಂದು ತಾನು ಹೊಣೆಯೆಂದು ಒಪ್ಪಿದಾಗ, ತಾಯಿಗೂ ಅದು ಸಮ್ಮತವಾದಾಗ, ಆ ಹೆಸರನ್ನು ನಾಚಿಕೆಯಿಲ್ಲದೆ ಬರೆಸುವುದೇ ಧರ್ಮ. ವಿವಾಹವಾಗದೆ ಇದ್ದುದು ಒಂದು ದೋಷವೆಂದೇ ಹಿರಿಯರು ಭಾವಿಸಿದರೂ, ಅದನ್ನು ಮರೆಮಾಡಲು ಎರಡನೆಯ ದೋಷವನ್ನು ಸೇರಿಸುವುದರಿಂದ ಮೊದಲನೆಯದು ಕರಗುವುದಿಲ್ಲ. ವಿವಾಹದ ಪಾವಿತ್ರ್ಯಕ್ಕೆ ಇದರಿಂದ ಧಕ್ಕೆಯಾಗುತ್ತದೆಂಬ ಆತಂಕಕ್ಕೂ ಉತ್ತರವುಂಟು. ಜಿನಸೇನರು ಕರ್ಣನ ಜನನವನ್ನು ಇದ್ದಂತೆ ಬರೆದರು. ಹಾಗೆ ಬರೆದುದರಿಂದ ಹರಿವಂಶಪುರಾಣವು ಶೀಲವನ್ನು ಸಡಿಲಗೊಳಿಸುವ ಗ್ರಂಥವಾಗಲಿಲ್ಲ.

ಮಗುವು ಕೇಳುವ ಪ್ರಶ್ನೆ

ವಡ್ಡಾರಾಧನೆಯ ಕಾರ್ತಿಕ ಋಷಿಯ ಕಥೆಯನ್ನು ಈ ಸಂದರ್ಭದಲ್ಲಿ ಮರೆಯುವಂತಿಲ್ಲ. ಅರಸನೊಬ್ಬನು ತನ್ನ ಮಗಳನ್ನೇ ಮದುವೆಯಾಗಿ ಪಡೆದ ಮಗ ಕಾರ್ತಿಕ. ಜೊತೆಗಾರರಿಗೆ ತಾಯಿಯ ತಂದೆಯ ಮನೆಯಿಂದ ಉಡುಗೊರೆ ಬರುವುದನ್ನು ಕಂಡು, ತನ್ನ ಅಜ್ಜ ಯಾರೆಂದು ಅವನು ತಾಯಿಯನ್ನು ಕೇಳುತ್ತಾನೆ. ಇದಕ್ಕಿಂತ ಘೋರವಾದ ಜನ್ಮರಹಸ್ಯವಿರಲಾರದು. ಆದರೂ ಮಗನು ಕೇಳಿದಾಗ ತಾಯಿ ಅವನಿಗೆ ಸತ್ಯವನ್ನು ಹೇಳುತ್ತಾಳೆ. ಆ ಸತ್ಯವು ಅವನನ್ನು ವೈರಾಗ್ಯದ ದಾರಿಗೆ ತಿರುಗಿಸುತ್ತದೆ, ದೀಕ್ಷೆಗೆ ಅವನ ಜನ್ಮವು ಅಡ್ಡಿಯಾಗುವುದಿಲ್ಲ, ಕನ್ನಡದ ಮೊದಲ ಗದ್ಯ ಕಥಾಕೋಶವು ಅವನನ್ನು ಆರಾಧನೆಗೆ ಯೋಗ್ಯರಾದ ಮಹಾಪುರುಷರ ಸಾಲಿನಲ್ಲಿ ನಿಲ್ಲಿಸುತ್ತದೆ. ಹೆತ್ತವರ ಕರ್ಮವು ಹೆತ್ತವರದು, ಮಗುವಿನ ಜೀವವು ತನ್ನ ಕರ್ಮಕ್ಕೆ ತಾನೇ ಕರ್ತೃ ಎಂಬ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಕರ್ಣನಿಗೂ ಕಾರ್ತಿಕನಿಗೂ ಇರುವ ಭೇದವನ್ನು ಗಮನಿಸಬೇಕು. ಒಬ್ಬನಿಗೆ ಸತ್ಯವು ಕೇಳಿದಾಗ, ಹೆತ್ತವಳಿಂದ, ಬೇರೆ ಉದ್ದೇಶವಿಲ್ಲದೆ ದೊರೆಯಿತು. ಇನ್ನೊಬ್ಬನಿಗೆ ಅದು ತಡವಾಗಿ, ಹೇಳುವವರ ಪ್ರಯೋಜನಕ್ಕಾಗಿ ದೊರೆಯಿತು. ಜನನ ಪತ್ರದಲ್ಲಿ ತಂದೆಯ ಹೆಸರು ಇರಲಿ, ಇಲ್ಲದಿರಲಿ, ಮಗುವು ತಿಳಿವಳಿಕೆಗೆ ಬಂದು ಕೇಳುವ ದಿನ ಬಂದೇ ಬರುತ್ತದೆ. ಆ ದಿನಕ್ಕೆ ಉತ್ತರವನ್ನು ಕಾದಿರಿಸಿಕೊಂಡಿರುವುದು ಹೆತ್ತವರ ಕರ್ತವ್ಯ.

ಬಸದಿಗಳ ಆಡಳಿತ ಮಂಡಳಿಗಳಿಗೂ ಟ್ರಸ್ಟುಗಳಿಗೂ ಈ ವಿಚಾರದಲ್ಲಿ ಮಾಡಬಹುದಾದ ಕೆಲಸವುಂಟು. ವಿದ್ಯಾರ್ಥಿನಿಲಯದ ಪ್ರವೇಶಕ್ಕೆ, ವಿದ್ಯಾರ್ಥಿವೇತನಕ್ಕೆ, ಪೂಜೆಯ ಸಂಕಲ್ಪಕ್ಕೆ ಬಳಸುವ ಅರ್ಜಿಗಳಲ್ಲಿ ತಂದೆಯ ಹೆಸರನ್ನು ಕಡ್ಡಾಯವಾಗಿ ಕೇಳುವ ರೂಢಿಯಿದ್ದಲ್ಲಿ, ಅದರ ಬದಲಿಗೆ ತಾಯಿ, ತಂದೆ ಅಥವಾ ಪೋಷಕರ ಹೆಸರನ್ನು ಕೇಳಿದರೆ ಧರ್ಮಕ್ಕೆ ಯಾವ ಹಾನಿಯೂ ಇಲ್ಲ. ತೀರ್ಥಂಕರರ ವಿಷಯದಲ್ಲಿ ನಾಭಿರಾಜನೊಡನೆ ಮರುದೇವಿಯನ್ನೂ, ಸಿದ್ಧಾರ್ಥನೊಡನೆ ತ್ರಿಶಲೆಯನ್ನೂ ತಪ್ಪದೆ ಸ್ಮರಿಸುವ ಪರಂಪರೆಗೆ ತಾಯಿಯ ಹೆಸರು ಹೊಸದಲ್ಲ. ಕಚೇರಿಯಲ್ಲಿ ಅರ್ಜಿಯನ್ನು ಸ್ವೀಕರಿಸುವವರು ಖಾಲಿಯುಳಿದ ಕಾಲಂ ಕುರಿತು ನಾಲ್ಕು ಜನರ ಮುಂದೆ ಪ್ರಶ್ನೆ ಹಾಕಬಾರದೆಂಬ ಸೂಚನೆಯೊಂದೂ ಇರಲಿ. ತಂದೆಯಾದವನು ಸಮಾಜದ ಸದಸ್ಯನೇ ಆಗಿದ್ದು ಹೊಣೆಯಿಂದ ಜಾರಿಕೊಳ್ಳುತ್ತಿದ್ದರೆ ಹಿರಿಯರು ಅವನನ್ನು ಏಕಾಂತದಲ್ಲಿ ಕರೆದು ಬುದ್ಧಿ ಹೇಳಲಿ. ಮಗುವಿನ ಪಾಲನೆಗೆ ಸಲ್ಲಬೇಕಾದುದು ಸಲ್ಲುವಂತೆ ನೋಡಿಕೊಳ್ಳಲಿ.

ಕಾನೂನು ತಾಯಿಯ ಗೌಪ್ಯವನ್ನು ಕಾಯುವ ದಾರಿಯನ್ನು ಕಂಡುಕೊಂಡಿದೆ. ತಂದೆಯ ಹೊಣೆಯನ್ನು ಹೆಸರಿನೊಡನೆ ಬಿಗಿಯುವ ದಾರಿ ಭಾರತದಲ್ಲಿ ಇನ್ನೂ ಅರ್ಧದಲ್ಲಿಯೇ ಇದೆ. ಅದು ಪೂರ್ಣಗೊಳ್ಳುವವರೆಗೆ ಆ ಅಂತರವನ್ನು ತುಂಬಬೇಕಾದುದು ಶ್ರಾವಕನ ವ್ರತ. ಬರೆದರೆ ಸತ್ಯವನ್ನೇ ಬರೆಯುವುದು, ಬರೆಯಲಾಗದಿದ್ದಲ್ಲಿ ಸುಳ್ಳನ್ನು ಬರೆಯದೆ ಮಗುವಿಗಾಗಿ ಸತ್ಯವನ್ನು ಕಾದಿರಿಸುವುದು, ಹೆಸರು ಪತ್ರದಲ್ಲಿರಲಿ ಇಲ್ಲದಿರಲಿ ಪಾಲನೆಯ ಭಾರವನ್ನು ಹೊರುವುದು: ಇಷ್ಟು ನಡೆದರೆ ಮಗುವೊಂದು ಬಸದಿಯ ಮೆಟ್ಟಿಲನ್ನು ಉಳಿದ ಮಕ್ಕಳಂತೆಯೇ ಹತ್ತಿ ಬರಬಲ್ಲುದು.